ಇದ್ದಲಹೊಂಡದ ತನಕ

ಟಿಳಕವಾಡಿ, ಬೆಳಗಾವಿ
೧೮ ಜುಲೈ ೧೯೮೪

ಪ್ರೀತಿಯ ಅವ್ವನಿಗೆ,

ನಿನ್ನ ಕಾಲಿಗೆ ಬಿದ್ದು, ಬಿದ್ದಲ್ಲಿಂದಲೇ ಈ ಪತ್ರ ಬರೆಯುತ್ತಿದ್ದೇನೆ ಎಂದುಕೋ. ಇದರಲ್ಲಿ ಒಪ್ಪಿಕೊಳ್ಳಬೇಕಾದ ತಪ್ಪುಗಳು ಬಹಳ ಇವೆ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ನೀನೇ ಓದು. ಪಕ್ಕದ ಮನೆಯ ಭೀಮಕ್ಕನ ಕೈಗೆ ಮಾತ್ರ ಕೊಡಬೇಡ. ಕೊಟ್ಟರೆ ಸಂಜೆಯೊಳಗೆ ಇಡೀ ಖಾನಾಪುರ ಓದಿರುತ್ತದೆ.

ಎರಡು ಪಂಚಮಿಗೆ ನಾನು ತವರಿಗೆ ಬರಲಿಲ್ಲ. ಮೊದಲ ವರ್ಷ ಮಗನಿಗೆ ಜ್ವರ ಎಂದು ಬರೆದೆ. ಕಳೆದ ವರ್ಷ ಅತ್ತೆಯವರ ಕಾಲು ಉಳುಕಿದೆ ಎಂದೆ. ಎರಡೂ ಸುಳ್ಳು. ಅತ್ತೆಯವರು ಆಗ ದಿನಾ ದಂಡಿನ ಕ್ಯಾಂಪಿನ ತನಕ ಗಟ್ಟಿಯಾಗಿ ನಡೆದು ಬರುತ್ತಿದ್ದರು, ಪಾಪ.

ನಿಜ ಏನೆಂದರೆ, ಮೊದಲ ವರ್ಷ ನಾನು ಹೊರಟಿದ್ದೆ ಅವ್ವ. ನಿನಗೆಂದು ಇಳಕಲ್ ಸೀರೆ ಚೀಲದಲ್ಲಿತ್ತು. ರೈಲುಗಾಡಿ ಊರಿನ ಮೂರನೇ ಗೇಟು ದಾಟಿತೋ ಇಲ್ಲವೋ, ಎದೆ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಕೈಬೆರಳು ಜೋಮು ಹಿಡಿದವು. ಉಸಿರು ಗಂಟಲಿನಿಂದ ಕೆಳಗೆ ಇಳಿಯಲೊಲ್ಲದು. ನಾನು ಈಗ ಸಾಯುತ್ತೇನೆ, ನಿನ್ನ ಮುಖ ನೋಡದೇ ಸಾಯುತ್ತೇನೆ ಎನಿಸಿತು. ದೇಸೂರ ಸ್ಟೇಷನ್ನಿನಲ್ಲಿ ಇಳಿದು ಬೇವಿನ ಗಿಡದ ಕೆಳಗೆ ಕುಳಿತು ಅತ್ತುಬಿಟ್ಟೆ. ಮುಂದಿನ ಗಾಡಿಗೆ ಮನೆಗೆ ಮರಳಿದೆ. ಆಮೇಲೆ ಸ್ಟೇಷನ್ನಿನ ಗಂಟೆ ಕೇಳಿದರೂ ಅಂಗೈ ಬೆವರುತ್ತಿತ್ತು.

ಅತ್ತೆಯವರು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನಿನ್ನ ಅಳಿಯ ಎದೆಯ ಪರೀಕ್ಷೆ ಮಾಡಿಸಿದರು, ಡಾಕ್ಟರು ಎಲ್ಲ ಸರಿ ಇದೆ ಎಂದರು. ಎಲ್ಲ ಸರಿ ಇದ್ದರೆ ನನಗೇನು ಹುಚ್ಚೇ ಎಂದು ಹೆದರಿ, ನಾನು ಬಾಯಿ ಮುಚ್ಚಿಕೊಂಡೆ. ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಕ್ಯಾಂಪಿನ ಒಬ್ಬ ವಯಸ್ಸಾದ ಡಾಕ್ಟರಬಾಯಿ ನನ್ನನ್ನು ಅರ್ಧ ತಾಸು ಕೂರಿಸಿಕೊಂಡು ಕೇಳಿದರು. ನಿನಗ ಹುಚ್ಚೂ ಇಲ್ಲ, ಎದಿ ರೋಗನೂ ಇಲ್ಲವ್ವಾ, ಇದು ಅಂಜಿಕಿ ಒಮ್ಮೆಲೆ ಮೈಮ್ಯಾಲ ಬರೂದು, ಭಾಳ ಮಂದಿಗೆ ಬರತೈತಿ, ಹತ್ತು ಹದಿನೈದು ಮಿನಿಟಿನ್ಯಾಗ ತಾನಾ ಇಳೀತೈತಿ ಎಂದರು. ಓಡಿ ಹೋದರ ಮತ್ತಿಷ್ಟು ಬೆನ್ನು ಹತ್ತತೈತಿ, ಕುಂತಲ್ಲೇ ಕುಂದ್ರು, ಉಸಿರು ಸಾವಕಾಶ ಬಿಡು ಎಂದರು. ಒಳಗೆ ನಾಲ್ಕು ಎಣಿಸು, ಹೊರಗೆ ಆರು ಎಣಿಸು.

ಬರೀ ಅಂಕಿ ನನಗೆ ಹತ್ತಲಿಲ್ಲ. ಆಗ ನೀನು ರೊಟ್ಟಿ ಬಡಿಯುವ ಸಪ್ಪಳ ನೆನೆದೆ. ನಾಲ್ಕು ಬಡಿತಕ್ಕೆ ಉಸಿರು ತೆಗೆದುಕೊಳ್ಳುತ್ತೇನೆ, ಆರು ಬಡಿತಕ್ಕೆ ಬಿಡುತ್ತೇನೆ. ನಿನ್ನ ಬಳೆಯ ಸದ್ದೂ ಕೇಳಿಸುತ್ತದೆ. ನಿನ್ನ ಒಲೆಯ ಮುಂದೆ ಕೂರಬೇಕೆಂಬ ಆಸೆಯಿಂದಲೇ ಅರ್ಧ ವಾಸಿಯಾದೆ ಎನ್ನಬಹುದು.

ಮಾರ್ಚಿನಲ್ಲಿ ದೇಸೂರಿಗೆ ಹೋಗಿ ಬಂದೆ. ಅಂಜಿಕೆ ಬಂತು, ನಾನು ಏಳಲಿಲ್ಲ, ಅದೇ ಇಳಿಯಿತು. ಹೀಗೆ ನಾಲ್ಕು ಸಲ. ಮೇ ತಿಂಗಳಲ್ಲಿ ಇದ್ದಲಹೊಂಡದ ತನಕ. ಅಲ್ಲಿಂದ ನಿನ್ನ ಊರು ಒಂದೇ ಸ್ಟೇಷನ್ನು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಖಾನಾಪುರದ ಕಡೆ ನೋಡಿ ಹೊಳ್ಳಿ ಬಂದ ದಿನ ನಾನು ಊಟ ಮಾಡಲಿಲ್ಲ.

ಇನ್ನೊಂದು ತಪ್ಪು ಉಳಿದಿದೆ. ನನಗೆ ನಿನ್ನ ಮೇಲೆ ಸಿಟ್ಟಿತ್ತು. ಮದುವೆಯಾಗಿ ಎಂಟು ವರ್ಷ, ನೀನು ಒಮ್ಮೆಯೂ ನನ್ನ ಮನೆ ನೋಡಲು ಬರಲಿಲ್ಲ. ಹೊಟ್ಟೆಯ ಆಪರೇಶನ್ ಆಗಿ ನಾನು ದವಾಖಾನೆಯಲ್ಲಿ ಮಲಗಿದಾಗಲೂ ನೀನು ಪ್ರತಿ ಶನಿವಾರ ಕಳಿಸುವ ಬುತ್ತಿ ಬಂತು, ನೀನು ಬರಲಿಲ್ಲ. ಮೊಣಕಾಲು ನೋವು ಎಂದು ನೀನು ಹೇಳಿ ಕಳಿಸಿದೆ. ಅವ್ವನಿಗೆ ನಾನು ಬೇಡವಾದೆ ಎಂದು ಗೋಡೆಗೆ ಮುಖ ಮಾಡಿ ಅತ್ತಿದ್ದೆ. ಆ ಸಿಟ್ಟು ಈಗ ಇಲ್ಲ. ಯಾಕೆಂಬುದನ್ನು ಕೊನೆಗೆ ಬರೆಯುತ್ತೇನೆ, ಧೈರ್ಯ ಬಂದರೆ.

ಈ ಇಪ್ಪತ್ತೆಂಟರ ಶನಿವಾರ ಮುಂಜಾನೆಯ ಗಾಡಿಗೆ ಬರುತ್ತೇನೆ. ಪಂಚಮಿ ಮುಗಿಸಿಯೇ ಹೋಗುವುದು. ಜೋಕಾಲಿ ಕಟ್ಟಿಸು, ಶೇಂಗಾ ಉಂಡಿ ಕಟ್ಟು. ಗಾಡಿ ಇಳಿದಾಗ ನನ್ನ ಮುಖ ಬಿಳಿಚಿದ್ದರೆ ಗಾಬರಿಯಾಗಬೇಡ, ಏನೂ ಕೇಳಬೇಡ. ಕೈ ಹಿಡಿದುಕೊಂಡು ಬಾಜೂಕ್ಕೆ ಕುಳಿತರೆ ಸಾಕು.

ನಿನ್ನ ಮಡಿಲಿಗಾಗಿ ಹಂಬಲಿಸುವ ಮಗಳು,
ಕಾಂತಾ

ತಾ.ಕ.: ಧೈರ್ಯ ಬಂತು, ಬರೆಯುತ್ತೇನೆ. ಕಳೆದ ಶನಿವಾರದ ಬುತ್ತಿ ಬಿಚ್ಚಿದಾಗ ಅರಿವೆಯ ಮಡಿಕೆಯಲ್ಲಿ ಒಂದು ರಟ್ಟಿನ ಟಿಕೆಟ್ ಸಿಕ್ಕಿತು. ಖಾನಾಪುರದಿಂದ ಬೆಳಗಾವಿಗೆ, ಅಂದಿನದೇ ತಾರೀಖು. ಬುತ್ತಿ ತರುವ ಉಳವಪ್ಪನದಿರಬೇಕು ಎಂದು ಮರಳಿಸಲು ಹೋದೆ. ಅವನಿಗೆ ರೈಲ್ವೆ ಪಾಸಿದೆಯಂತೆ. ಒತ್ತಾಯ ಮಾಡಿ ಕೇಳಿದ್ದಕ್ಕೆ, ಅವ್ವಾರು ದರಾ ಶನಿವಾರ ತಿಕೀಟ ತಗಸ್ತಾರ್ರಿ, ಗಾಡಿ ಬಂದ ಕೂಡ್ಲೆ ಎದಿ ಹಿಡಕೊಂಡು ಕುಂದರ್ತಾರ್ರಿ, ಬುತ್ತಿ ಅಷ್ಟು ನನ್ನ ಕೈಯಾಗ ಕೊಟ್ಟು ಹೊಳ್ಳಿ ಮನಿಗಿ ಹೋಗ್ತಾರ್ರಿ, ಯಾರಿಗೂ ಹೇಳಬ್ಯಾಡ ಅಂದಾರ್ರಿ ಎಂದ. ನಿನ್ನ ಮೊಣಕಾಲಿಗೆ ಏನೂ ಆಗಿಲ್ಲ ಅವ್ವ. ಇಷ್ಟು ವರ್ಷ ನೀನೂ ಬರುತ್ತಲೇ ಇದ್ದೆ. ಹಬ್ಬ ಮುಗಿದ ಮರುದಿನ ಎರಡು ಟಿಕೆಟ್ ನಾನೇ ತೆಗೆಸುತ್ತೇನೆ. ಹೆದರಬೇಡ, ಬೆಳಗಾವಿಗಲ್ಲ. ಇದ್ದಲಹೊಂಡದ ತನಕ.