ಬಾಂಬ್ ಬಿದ್ದ ಮನೆಗೆ ಸುಣ್ಣ

ಮುಬೀನಾ ಆಪಾ,

ಹಬ್ಬಕ್ಕೆಂದು ನಮ್ಮ ಮನೆಗೆ ಸುಣ್ಣ ಬಳಿದದ್ದು ಸರಿ. ಉಳಿದದ್ದನ್ನು ನನ್ನ ಯುದ್ಧದ ಮಾದರಿಯ, ಬಾಂಬ್ ಬಿದ್ದ ರಟ್ಟಿನ ಮನೆಗಳಿಗೂ ಬಳಿದು, ಗೋಡೆಯ ತೂತು ಮುಚ್ಚಲು ನಿನಗೆ ಯಾರು ಹೇಳಿದ್ದರು? ಕೇಳಿದರೆ "ಹೊಲಸು ಕಾಣತಿದ್ವೋ ತೌಸಿಫ" ಅನ್ನುತ್ತೀ. ಯುದ್ಧದ ಊರು ಮತ್ತೆ ಹೆಂಗಿರಬೇಕು?

ಅಂಗಡಿಯ ಪ್ಲಾಸ್ಟಿಕ್ ಮಾದರಿ ಮನೆ ಒಂದರ ರೇಟಿಗೆ ಒಂದು ಆಡು ಬರುತ್ತದೆಂದು, ಹಳೆಯ ಲಗ್ನಪತ್ರಿಕೆ ಕತ್ತರಿಸಿ ಕಟ್ಟಿದ್ದೆ. ಸಂಜೆ ಬಾಗೇವಾಡಿಯಿಂದ ನಿವೃತ್ತ ಸುಬೇದಾರ ಸಿದ್ದರಾಯ ಕಾಕಾ ನೋಡಲು ಬರುತ್ತಾರೆ. ಮೆಚ್ಚಿದರೆ, ಅವರು ಕಾದಾಡಿದ ಊರನ್ನು ಪೂರ್ತಿ ರಟ್ಟಿನಲ್ಲಿ ಕಟ್ಟುವ ಕೆಲಸ ನನಗೇ.

ನಿನ್ನ ಸುಣ್ಣಕ್ಕೆ ನೆನೆದು ಮಾಳಿಗೆಗಳು ಕಿತ್ತುಬಂದಿವೆ. ಅಂಟು ತರಲು ಸಿಂದಗಿಗೆ ಹೊರಟೆ. ನೀನು ಮುಚ್ಚಿದ ತೂತು ಮತ್ತೆ ತೆರೆದು ಒಲೆಯ ಮಸಿ ಹಚ್ಚು.

ಅಷ್ಟರೊಳಗೆ ಕಾಕಾ ಬಂದೇಬಿಟ್ಟರೆ, ಯುದ್ಧ ಮುಗಿದು ಊರ ಮಂದಿ ವಾಪಸು ಬಂದಿದ್ದಾರೆ ಎಂದು ಹೇಳು. ಸುಳ್ಳು ನಿನಗೆ ನನಗಿಂತ ಚಲೋ ಬರುತ್ತದೆ.

ತೌಸಿಫ