ದೋಣಿಗೆ ಬಳಿದ ಟಾರು

ಅಮ್ಮಾ,

ಇವತ್ತು ಊರಿನ ಸಭೆಯಲ್ಲಿ ನಿನ್ನ ದನಿ ಕೇಳಿಸಿದರು. ಅಥಾಬಾಸ್ಕಾ ಹೊಳೆಯ ಮೇಲ್ಗಡೆ ಮರಳಿನಿಂದ ಎಣ್ಣೆ ತೆಗೆಯುತ್ತಾರಲ್ಲ, ಆ ಗಣಿಯವರು. ನಾನು ಹೊಳೆಯಿಂದ ತುಂಬಿಸಿ ಕಳಿಸಿದ ನೀರಿನಲ್ಲಿರುವ ಆಮ್ಲ ದಂಡೆಯಲ್ಲಿ ತಾನಾಗಿ ಒಸರುವ ಟಾರಿನದಲ್ಲ, ಗಣಿಯವರು ಕೊಳಚೆ ನೀರು ನಿಲ್ಲಿಸುವ ಕೆರೆಯದು ಎಂದು ಪ್ರಯೋಗಾಲಯ ಗುರುತು ಹಿಡಿದಿದೆ. ಅದಕ್ಕೆ ಅವರ ಉತ್ತರ ನೀನು.

"ಇದು ಮೊದಲಿಂದ್ಲೂ ಹೊಳೇಲಿದೆ. ನಿಮ್ಮ ಹಿರಿಯರೇ ಹೇಳಿದ್ದಾರೆ, ಕೇಳಿ," ಎಂದು ಗಣಿಯ ಡೆರೆಕ್ ರೆಕಾರ್ಡರಿನ ಗುಂಡಿ ಒತ್ತಿದ. ಅವನೇ, ಹಳೇ ಕತೆ ಕೇಳುತ್ತೇನೆಂದು ನಮ್ಮ ಅಡುಗೆಮನೆಯಲ್ಲಿ ಕೂತು ನಿನ್ನ ಕೈಯ ಟೀ ಕುಡಿದು, ನಿನ್ನ ಮಾತನ್ನು ರೆಕಾರ್ಡ್ ಮಾಡಿಕೊಂಡು ಹೋದವನು.

"ದಂಡೇಲಿ ಟಾರು ತಾನಾಗೇ ಒಸರ್ತಿತ್ತು ಕಣಪ್ಪಾ, ಕಾಯಿಸಿ ದೋಣಿ ಬಿರುಕಿಗೆ ಬಳೀತಿದ್ವಿ," ಎಂದು ನೀನು ನಕ್ಕೆ. ಅಲ್ಲಿಗೇ ನಿಲ್ಲಿಸಿದ.

ಅವತ್ತು ನಿನ್ನ ಪಕ್ಕದಲ್ಲೇ ಇದ್ದೆನಲ್ಲ, ಮುಂದಿನದು ನನಗೆ ಗೊತ್ತು: "ಆ ನೀರೇ ಕುಡಿದ್ವಿ, ಏನೂ ಆಗ್ಲಿಲ್ಲ. ಮೀನಿಗೆ ಹುಣ್ಣೆದ್ದಿದ್ದು ನೀವು ಬಂದ್ಮೇಲೆ."

ಬೊನಿಫೇಸ್ ಮಾವ ಎದ್ದು ನಿಂತ. "ನಮ್ಮ ದೋಣಿಗೆ ಒಂದು ಡಬ್ಬಿ ಟಾರು ಸಾಕಾಗ್ತಿತ್ತು. ನಿಮ್ಮ ದೋಣಿ ಎಷ್ಟು ದೊಡ್ಡದಯ್ಯಾ?"

ಎಲ್ಲರೂ ನಕ್ಕರು. ನಾವು ಬಡಿಸಿದ ಕಡವೆ ಸಾರಿನ ಜಿಡ್ಡನ್ನು ತುಟಿಯಿಂದ ಒರೆಸಿಕೊಳ್ಳುತ್ತಾ ಡೆರೆಕ್ ಕೂಡ ನಕ್ಕ.

'ಪೂರ್ತಿ ಹಾಕು' ಎಂದು ನಾನು ಕಿರುಚಬೇಕಿತ್ತು. ಆದರೆ ನೀನು ಹೋದ ಮೇಲೆ ನಿನ್ನ ನಗು ಕೇಳಿದ್ದು ಇದೇ ಮೊದಲು. ಅವನು ಕತ್ತರಿಸಿದ ಅದೇ ಹೊಲಸು ತುಂಡನ್ನು ಇನ್ನೊಂದು ಸಲ ಹಾಕು ಎಂದು ಅವನ ಕಾಲು ಹಿಡಿಯಬೇಕೆನಿಸಿತು, ಅಮ್ಮಾ.