ಮೂರನೇ ಮೆಟ್ಟಿಲ ಕೆಳಗಿನ ಥರ್ಮಾಮೀಟರ್

ಕಲಬುರಗಿ, ೨೨೧೮ರ ಎರಡನೇ ಬೇಸಿಗೆ

ವಿಜ್ಞಾನದ ತತ್ವಶಾಸ್ತ್ರ ಓದುತ್ತಿರುವ, ಹಿಂದಿನ ಕಾಲದ ಮೊದಲ ವರ್ಷದ ವಿದ್ಯಾರ್ಥಿಗಳೇ,

ಒಂದು ಮಾತನ್ನು ಹೇಳದೆಯೇ ಬಿಡುವವಳಿದ್ದೆ. ನಿಮ್ಮಲ್ಲಿ ಕೇಳಲಿರುವ ವಸ್ತುವನ್ನು ಎಲ್ಲಿ ಹೂತಿಡಿ ಎನ್ನಲಿದ್ದೇನೋ, ಆ ಜಾಗವನ್ನು ನಾವು ಈಗಾಗಲೇ ಅಗೆದು ನೋಡಿದ್ದೇವೆ. ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನ್ನಿಸಬಹುದು, ಕ್ಷಮಿಸಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಹಗಲೆಲ್ಲ ನೆಲಮನೆಗಳಲ್ಲಿ, ಅಂದರೆ ಮಣ್ಣಿನಡಿಯ ಕೋಣೆಗಳಲ್ಲಿ ಇರುತ್ತೇವೆ. ಹೊರಗೆ ದುಡಿಯಬಹುದೇ ಎಂದು ಹೇಳುವುದು ನಿಶ್ಚಯಿ. ಗೋಡೆಗೋಡೆಯಲ್ಲೂ ಇರುವ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರ. ಎರಡು ಥರ್ಮಾಮೀಟರುಗಳು ಎರಡು ಅಂಕಿ ತೋರಿಸಿದರೆ ಗೊಂದಲವೆಂದು ನಮ್ಮ ಹಿರಿಯರು ಎಲ್ಲ ಅಳತೆಗಳನ್ನೂ ಅದಕ್ಕೇ ಹೊಂದಿಸಿಬಿಟ್ಟರು. ಅಂದಿನಿಂದ ಯಾವ ಅಳತೆಯೂ ಅದಕ್ಕೆ ಎದುರಾಡಿಲ್ಲ.

ನನ್ನ ತರಗತಿಯಲ್ಲಿ ಮೊದಲ ದಿನದ ಪದ್ಧತಿಯೊಂದಿದೆ. ಪ್ರತಿಯೊಬ್ಬರೂ ತಾವು ನಂಬಿದ ಒಂದು ಸಂಗತಿ ಹೇಳಬೇಕು; ಏನನ್ನು ಕಂಡರೆ ಆ ನಂಬಿಕೆ ಬಿಡುತ್ತೀರೆಂದೂ ಹೇಳಬೇಕು. ಈ ವರ್ಷ ಇಬ್ಬರೇ ಇದ್ದರು. ಬಂಡೆಪ್ಪ ನಕ್ಕ: "ಹಸಿವಾಗ್ಯದೋ ಇಲ್ಲೋ ಅಂತನೂ ನಾ ನಿಶ್ಚಯಿನ್ನೇ ಕೇಳ್ತೀನ್ರಿ ಮೇಡಂ." ಶಾಹೀನ್ ನಗಲಿಲ್ಲ. ಅವಳ ತಾಯಿ ಕಾಲುವೆ ಕೆಲಸದಲ್ಲಿ ಕುಸಿದು ಬಿದ್ದಿದ್ದರು. "ಹೊರಗ ಅಂಥಾ ಬಿಸಿಲೇ ಇಲ್ಲ ಅಂತದ್ರಿ ಅದು. ಅಮ್ಮಿ ಮತ್ತ ಕೆಲಸಕ್ಕ ಹೋಗ್ಬೇಕಂತ."

ಗಾಜಿನ ಕೊಳವೆ, ಪಾದರಸ ಹುಡುಕಿ ನಾವೇ ಒಂದು ಥರ್ಮಾಮೀಟರ್ ಮಾಡಿದೆವು. ಅದು ನಿಶ್ಚಯಿ ಹೇಳಿದ್ದಕ್ಕಿಂತ ಹನ್ನೊಂದು ಡಿಗ್ರಿ ಹೆಚ್ಚು ತೋರಿಸಿತು. ಕಾಲುವೆಯ ಮೇಸ್ತ್ರಿ ತಿರುಗಿಸಿ ನೋಡಿ, "ನಿಮ್ಮ ಕೊಳವೀನೇ ಕೆಟ್ಟದ್ರಿ" ಅಂದ. ತಪ್ಪು ಯಂತ್ರದ್ದೋ, ಕೊಳವೆಯದೋ? ಅದು ನನ್ನ ಎರಡನೇ ವಾರದ ಪಾಠ. ವರ್ಷವರ್ಷವೂ ಖುಷಿಯಿಂದ ಮಾಡುತ್ತಿದ್ದೆ.

ಆದ್ದರಿಂದ ಕೇಳುತ್ತೇನೆ: ನಿಶ್ಚಯಿ ಹುಟ್ಟುವ ಮೊದಲಿನ, ನಿಮ್ಮ ಕಾಲದ ಮುದ್ರೆಯಿರುವ ಒಂದು ಥರ್ಮಾಮೀಟರನ್ನು ನಿಮ್ಮ ವಿಭಾಗದ ಮೂರನೇ ಮೆಟ್ಟಿಲ ಕೆಳಗೆ ಹೂತಿಡಿ. ಆ ಮೆಟ್ಟಿಲುಗಳು ಇನ್ನೂ ಇವೆ. ಅದನ್ನಾದರೂ ಮೇಸ್ತ್ರಿ ಒಪ್ಪುತ್ತಾನೆಯೇ? ಗೊತ್ತಿಲ್ಲ. ಹಿಂದಂಚೆ, ಅಂದರೆ ಕಾಗದಗಳನ್ನು ಹಿಂದಿನ ಕಾಲಕ್ಕೆ ಒಯ್ಯುವ ನಮ್ಮ ಅಂಚೆ, ಉತ್ತರ ತರುವುದಿಲ್ಲ.

ಏನನ್ನು ಕಂಡರೆ ನೀವು ಈ ಆಸೆ ಬಿಡ್ತೀರಿ ಎಂದು ಶಾಹೀನ್ ನನ್ನನ್ನೇ ಕೇಳಿದಳು. ಬರೀ ಮಣ್ಣು ಕಂಡರೆ, ಅಂದೆ. ಕಂಡಾಗಿದೆ. ಆದರೂ ಈ ಪತ್ರ ಅಂಚೆಗೆ ಹೋಗುವ ದಿನ ಸಂಜೆ ಇನ್ನೊಮ್ಮೆ ಅಗೆಯುತ್ತಾಳಂತೆ. ಸನಿಕೆ ಹಿಡಿದು ನಾನೂ ಹೋಗುತ್ತೇನೆ. ಅವಳ ತಾಯಿ ಕೆಲಸಕ್ಕೆ ಹೊರಡುವುದು ಮರುದಿನ.

ನೀಲಾಂಬಿಕೆ

ಅಂಚೆಗೆ ಹಾಕುವುದು: ಎರಡನೇ ಬೇಸಿಗೆಯ ಹದಿನಾಲ್ಕನೇ ದಿನ, ೨೨೧೮